ಟೂ-ಸ್ಟ್ರೋಕ್ ಡ್ರ್ಯಾಗ್ ಕ್ಲಾಸ್ ಮುಂದಿನ ಸೀಸನ್ ಇರುತ್ತಾ ಇಲ್ವಾ? ಎಂಜಿನ್ ಕಟ್ಟೋಕೆ ಮುಂಚೆ ಗೊತ್ತಾಗ್ಬೇಕು

ಪಿಬಿರೋಡ್_ಆರ್‌ಎಕ್ಸ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಆಮೇಲೆ ಹೇಳಿ.

ನಂದು ಯಮಹಾ ಆರ್‌ಎಕ್ಸ್ 100 ಬೈಕ್. ಮನೆ ಗಾಡಿ ಬೇರೆ ಇದೆ, ಅದನ್ನ ಮುಟ್ಟಲ್ಲ. ಡ್ರ್ಯಾಗ್‌ಗೆ (ನೇರ ರಸ್ತೆಲಿ ಇಬ್ಬಿಬ್ರು ಓಡ್ಸೋ ರೇಸ್) ಅಂತಾನೇ ಇನ್ನೊಂದು ಚಾಸಿ ಇಟ್ಕೊಂಡಿದೀನಿ. ನಾನು ಓಡ್ಸೋದು ನಮ್ ಕಡೆ ಮೀಟ್‌ಗಳಲ್ಲಿ ಇರೋ 130 ಸಿಸಿ ಒಳಗಿನ ಟೂ-ಸ್ಟ್ರೋಕ್ ಕ್ಲಾಸಲ್ಲಿ. ಈಗ ಸಮಸ್ಯೆ ಏನಂದ್ರೆ ಮುಂದಿನ ಸೀಸನ್‌ಗೆ ಈ ಕ್ಲಾಸ್ ಇಡ್ತೀವಾ ಇಲ್ವಾ ಅಂತ ಮೀಟ್ ಮಾಡೋರು ಯಾರೂ ಸರಿಯಾಗಿ ಹೇಳ್ತಿಲ್ಲ. ಒಬ್ರನ್ನ ಕೇಳಿದ್ರೆ ಫೋರ್-ಸ್ಟ್ರೋಕ್ 165 ಜೊತೆ ಸೇರಿಸ್ಬಿಡ್ತೀವಿ ಅಂತಾರೆ, ಇನ್ನೊಬ್ರು ಎಂಟ್ರಿ ಎಷ್ಟು ಬರುತ್ತೆ ನೋಡೋಣ ಅಂತಾರೆ, ಮತ್ತೊಬ್ರು ಟೂ-ಸ್ಟ್ರೋಕೇ ಬೇಡ ಗುರು ಬರೀ ಜಗಳ ಅಂತಾರೆ. ಎಲ್ಲಾ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತು.

ರೂಲ್ಸ್ ಕಥೆ ಕೇಳ್ಲೇಬೇಡಿ. ಒಂದು ಮೀಟಲ್ಲಿ ಕಾರ್ಬ್ ಕಂಪನಿದೇ ಇರ್ಬೇಕು ಅಂತಾರೆ. ಇನ್ನೊಂದ್ರಲ್ಲಿ ಕಾರ್ಬ್ ಯಾವುದಾದ್ರೂ ಹಾಕ್ಕೊಳ್ಳಿ, ಚಾಸಿ ಮಾತ್ರ ಕಟ್ ಮಾಡಿರ್ಬಾರ್ದು ಅಂತಾರೆ. ಒಂದು ಕಡೆ ಚೇಂಬರ್ ಸೈಲೆನ್ಸರ್ ಓಕೆ, ಇನ್ನೊಂದು ಕಡೆ ಅದಕ್ಕೇ ಡಿಸ್‌ಕ್ವಾಲಿಫೈ. ರೂಲ್ ಶೀಟ್ ಬರೋದು ಹಿಂದಿನ ದಿನ ರಾತ್ರಿ ವಾಟ್ಸಾಪಲ್ಲಿ, ಅಷ್ಟೊತ್ತಿಗೆ ಗಾಡಿ ಆಗ್ಲೇ ಟಾಟಾ ಏಸ್ ಮೇಲೆ ಹಗ್ಗ ಕಟ್ಟಿ ರೆಡಿ ಇರುತ್ತೆ. ಇದು ಯಾರೋ ಒಬ್ಬ ಆರ್ಗನೈಸರ್ ಮೇಲೆ ದೂರಲ್ಲ, ಎಲ್ಲಾ ಕಡೆ ಹಿಂಗೇ ನಡೀತಿದೆ.

ಈಗ ನನ್ ಎಂಜಿನ್ ಬಿಚ್ಚಿದೆ. ಕ್ರ್ಯಾಂಕ್ ಸೌಂಡ್ ಬಂದಿತ್ತು, ಕನೆಕ್ಟಿಂಗ್ ರಾಡ್ ಕಿಟ್ ಹಾಕಿಸ್ಲೇಬೇಕು. ಬ್ಲಾಕ್ (ಸಿಲಿಂಡರ್) ಕೂಡ ಕೊರೆದು ಕೊರೆದು ಕೊನೇ ಓವರ್‌ಸೈಜ್ ಪಿಸ್ಟನ್ನಿಗೆ ಬಂದು ನಿಂತಿದೆ, ಒಂದೋ ಹೊಸ ಸ್ಲೀವ್ ಹಾಕ್ಸಿ ಮತ್ತೆ 98 ಸಿಸಿಗೇ ಕಟ್ಬೇಕು, ಇಲ್ಲಾ 135ರ ಬ್ಲಾಕ್ ಕೂರಿಸ್ಬೇಕು. ಎರಡಕ್ಕೂ ದುಡ್ಡು ಸುರೀಬೇಕು, ಎರಡೂ ಒಟ್ಟಿಗೆ ಮಾಡ್ಸೋ ಶಕ್ತಿ ನನಗಿಲ್ಲ. ಕ್ಲಾಸೇ ಇಲ್ಲ ಅಂದ್ರೆ ಯಾವ ಎಂಜಿನ್ ಕಟ್ಟಿ ಏನು ಪ್ರಯೋಜನ?

ನಾನು ಕೇಳ್ತಿರೋದು ಇಷ್ಟೇ. ಅನುಭವ ಇರೋರು ಹೇಳಿ, ಈ ಕ್ಲಾಸ್ ಉಳಿಯುತ್ತಾ? ಉಳಿಯೋದಾದ್ರೆ ಯಾವ ರೂಲಲ್ಲಿ ಉಳಿಯುತ್ತೆ? ನನಗೆ ಈ ಕ್ಲಾಸ್ ಅಂದ್ರೆ ಪ್ರಾಣ ಕಣ್ರೀ, ಗ್ಯಾರೇಜ್ ಹುಡುಗರು ಕಡಿಮೆ ದುಡ್ಡಲ್ಲಿ ಕೈಯಾರೆ ಕೆಲಸ ಮಾಡಿ ಲೈನಿಗೆ ಬಂದು ನಿಲ್ಲೋಕೆ ಇರೋದು ಇದೊಂದೇ ಕ್ಲಾಸ್.

ಹರಿಹರ_ಬೋರಿಂಗ್

ತಮ್ಮಾ, ನಾನು ಬೋರಿಂಗ್ ಕೆಲಸ ಮಾಡಾವ, ಅದಕ್ಕ ಎಂಜಿನ್ ಲೆಕ್ಕ ಮೊದ್ಲು ಹೇಳ್ತೀನಿ, ಕ್ಲಾಸಿನ ಮಾತು ಆಮ್ಯಾಲ. ಅರ್ಧ ಜಗಳ ಹುಟ್ಟೋದೇ ಈ ಲೆಕ್ಕ ಗೊತ್ತಿಲ್ದ ರೂಲ್ ಬರೆಯೋದ್ರಿಂದ.

ಆರ್‌ಎಕ್ಸ್ 100 ಬೋರ್ (ಸಿಲಿಂಡರ್ ಅಗಲ) 50 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 50 ಎಂಎಂ. ಲೆಕ್ಕ ಹಾಕಿದ್ರ 98 ಸಿಸಿ. ಆರ್‌ಎಕ್ಸ್ 135ರದ್ದು ಬೋರ್ 58, ಸ್ಟ್ರೋಕ್ ಅದೇ 50, ಅಂದ್ರ 132 ಸಿಸಿ. ಸ್ಟ್ರೋಕ್ ಒಂದೇ ಇರೋದಕ್ಕೇ 135ರ ಬ್ಲಾಕ್ ತಂದು 100ರ ಕೇಸ್ ಬಾಯಿ ದೊಡ್ಡದು ಮಾಡಿ ಕೂರಿಸ್ತಾರ. ಟ್ಯಾಂಕ್ ಮ್ಯಾಲ 100 ಅಂತ ಐತಿ, ಒಳಗ 132 ಐತಿ. ಹೊರಗಿಂದ ಕಣ್ಣಳತಿ ಮ್ಯಾಲ ಹೇಳಾಕ ಪಳಗಿದೋರಿಗೂ ಕಷ್ಟ, ಅದ್ರಾಗೂ ಫಿನ್ ಮ್ಯಾಲ ಕರಿ ಪೇಂಟ್ ಹೊಡೆದಿದ್ರ ಮುಗೀತು.

ಈಗ ನೀವು ಹೇಳಿದ 130 ಸಿಸಿ ಲಿಮಿಟ್ ನೋಡ್ರಿ. 50 ಸ್ಟ್ರೋಕ್ ಇಟ್ಕೊಂಡು 130 ದಾಟಬಾರ್ದು ಅಂದ್ರ ಬೋರ್ 57.5 ಎಂಎಂ ಒಳಗ ಇರ್ಬೇಕು. 135ರ ಸ್ಟ್ಯಾಂಡರ್ಡ್ ಬೋರೇ 58. ಹಂಗಾಗಿ ಕಂಪನಿಯಿಂದ ಬಂದಂಗೇ ಇರೋ 135 ಗಾಡಿ ಆ ಕ್ಲಾಸಿಗೆ ಬರಂಗೇ ಇಲ್ಲ! ಆದ್ರೂ ಓಡಸ್ತಾರ, ಯಾಕಂದ್ರ ಯಾರೂ ಅಳೆಯಂಗಿಲ್ಲ. ಇತ್ತ 98 ಸಿಸಿ ಪ್ರಾಮಾಣಿಕವಾಗಿ ಕಟ್ಟಿದ ಹುಡುಗ 34 ಸಿಸಿ ಜಾಸ್ತಿ ಇರೋ ಎಂಜಿನ್ ಎದುರು ಸೋತು ಮನಿಗೆ ಹೋಗ್ತಾನ, ಮುಂದಿನ ಸಲ ಬರಂಗಿಲ್ಲ. ಎಂಟ್ರಿ ಕಡಿಮಿ ಆಗಿದ್ದು ಇದಕ್ಕ. ಟೂ-ಸ್ಟ್ರೋಕ್ ಹಳೇದಾತು ಅಂತ ಅಲ್ಲ.

ನನ್ ಪ್ರಕಾರ 130 ಅನ್ನೋ ನಂಬರ್ ತೆಗೀಬೇಕು. ಓವರ್‌ಸೈಜ್ ಪಿಸ್ಟನ್ ಸಿಗೋದು 0.25, 0.50, 0.75, 1.00. ಆರ್‌ಎಕ್ಸ್ 100 ಕೊನೇ ಸೈಜಿಗೆ ಬಂದ್ರ 51 ಎಂಎಂ, ಅಂದ್ರ 102 ಸಿಸಿ ಚಿಲ್ಲರೆ. 135 ಕೊನೇ ಸೈಜಿಗೆ 59, ಅಂದ್ರ 137ಕ್ಕೆ ಸ್ವಲ್ಪ ಕಡಿಮಿ. ಹಂಗಾಗಿ 105ರ ತನಕ ಒಂದು ಕ್ಲಾಸ್, 140ರ ತನಕ ಒಂದು ಕ್ಲಾಸ್ ಮಾಡಿದ್ರ ರಿಬೋರ್ ಮಾಡ್ಸಿದೋರೂ ಒಳಗ ಇರ್ತಾರ, ಕಳ್ಳತನಕ್ಕೂ ಜಾಗ ಇರಂಗಿಲ್ಲ. ಮ್ಯಾಕ್ಸ್ 100, ಕೆಬಿ 100 ಮೊದಲನೇದ್ರಾಗ ಬರ್ತಾವ, ಶೋಗನ್ ಎರಡನೇದ್ರಾಗ.

ಅಳೆಯೋದು ಏನ್ ದೊಡ್ಡ ಮಾತಲ್ಲ. ಗೆದ್ದ ಗಾಡಿ ಆರಾಕ ಬಿಡ್ಬೇಕು, ಬಿಸಿ ಇರೋವಾಗ ಬಿಚ್ಚಿದ್ರ ಹೆಡ್ ಸೊಟ್ಟ ಆಗೋ ಭಯ, ಅಳತಿನೂ ತಪ್ಪು ಬರ್ತೈತಿ. ಆರಿದ ಮ್ಯಾಲ ನಾಲ್ಕು ನಟ್ ಬಿಚ್ಚಿದ್ರ ಹೆಡ್ ಕೈಗೆ ಬರ್ತೈತಿ. ಬೋರ್ ಗೇಜ್ ಇಳಿಸಿ ಮೂರು ಕಡೆ ಅಳೀರಿ, ಪೋರ್ಟ್ ಮ್ಯಾಲ ಅಳೀಬ್ಯಾಡ್ರಿ ಅಲ್ಲಿ ಸವೆದಿರ್ತೈತಿ. ಆಮ್ಯಾಲ ಪಿಸ್ಟನ್ ಮ್ಯಾಲ ತಂದು ವರ್ನಿಯರ್ ಕಡ್ಡಿ ಇಳಿಸಿ ಒಂದು ಅಳತಿ, ಪೂರ್ತಿ ಕೆಳಗ ಇಳಿಸಿ ಇನ್ನೊಂದು ಅಳತಿ. ಎರಡರ ವ್ಯತ್ಯಾಸ ಸ್ಟ್ರೋಕ್. ಮೊಬೈಲ್‌ನಾಗ ಕ್ಯಾಲ್ಕುಲೇಟರ್ ಐತಿ, ಸಿಸಿ ಬಂತು. ಒಂದು ಗಾಡಿಗೆ ಇಪ್ಪತ್ತು ನಿಮಿಷ. ಪ್ರತಿ ಕ್ಲಾಸಿನ ಮೊದಲ ಮೂರು ಗಾಡಿ ಬಿಚ್ಚಿಸಿದ್ರ ಸಾಕು, ಮುಂದಿನ ಮೀಟಿಗೆ ಎಲ್ಲಾರೂ ಸರಿಯಾಗಿ ಬರ್ತಾರ.

ಕೋಟೆನಾಡು_402

ಹರಿಹರದ ಅಣ್ಣ ಹೇಳಿದ್ದು ಸರಿ ಇದೆ, ಆದ್ರೆ ನಾನು ಚಿತ್ರದುರ್ಗದಿಂದ ಇನ್ನೊಂದು ಮುಖ ಹೇಳ್ತೀನಿ. ಕ್ಲಾಸ್ ಉಳಿಯೋಕೆ ಮೊದಲು ಮೀಟ್ ಉಳೀಬೇಕಲ್ವಾ?

ಅಧಿಕೃತವಾಗಿ ಡ್ರ್ಯಾಗ್ ನಡೆಯೋದು ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ) ಪರ್ಮಿಟ್ ಮೇಲೆ. ನ್ಯಾಷನಲ್ ಲೆವೆಲ್ ಬೈಕ್ ಡ್ರ್ಯಾಗ್ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಲ್ಲಿ ನಡೀತಾ ಬಂದಿದೆ, ಅಲ್ಲಿ ಫೋರ್-ಸ್ಟ್ರೋಕ್ ಜೊತೆಗೆ ಟೂ-ಸ್ಟ್ರೋಕ್‌ಗೂ ಬೇರೆ ಕ್ಲಾಸ್ ಇಟ್ಟಿದ್ದಾರೆ. ಅಂದ್ರೆ ಟೂ-ಸ್ಟ್ರೋಕ್ ಅಂದ ತಕ್ಷಣ ಮೇಲಿನೋರು ಬೇಡ ಅಂತಾರೆ ಅನ್ನೋದು ಸುಳ್ಳು. ನಮ್ ಕಡೆ ತೊಂದರೆ ಇರೋದು ಜಾಗದ್ದು. 402 ಮೀಟರ್ ಓಡಿಸ್ಬೇಕು ಅಂದ್ರೆ ಗಾಡಿ ನಿಲ್ಲಿಸೋಕೆ ಅದಕ್ಕಿಂತ ಜಾಸ್ತಿ ನೇರ ರಸ್ತೆ ಮುಂದೆ ಇರ್ಬೇಕು, ಎರಡೂ ಕಡೆ ಜನ ನುಗ್ಗದಂಗೆ ಬ್ಯಾರಿಕೇಡ್ ಇರ್ಬೇಕು, ಆಂಬುಲೆನ್ಸ್ ಇರ್ಬೇಕು. ದಾವಣಗೆರೆಲಾಗ್ಲಿ ದುರ್ಗದಲ್ಲಾಗ್ಲಿ ಅಂಥ ಪರ್ಮನೆಂಟ್ ಸ್ಟ್ರಿಪ್ ಎಲ್ಲಿದೆ? ಚಳ್ಳಕೆರೆ ಕಡೆ ಡಿಆರ್‌ಡಿಓ ರನ್‌ವೇ ಇದೆ ಅಂತ ಕೆಲವು ಹುಡುಗರು ಕನಸು ಕಾಣ್ತಾರೆ, ಅದು ರಕ್ಷಣಾ ಇಲಾಖೆ ಟೆಸ್ಟ್ ರೇಂಜ್, ಅದನ್ನ ಮರೆತುಬಿಡಿ. ಸಿಗೋದು ಅಂದ್ರೆ ಹೊಸ ಲೇಔಟ್ ರಸ್ತೆ, ಇಲ್ಲಾ ಯಾವ್ದಾದ್ರೂ ಕಾಲೇಜ್ ಕ್ಯಾಂಪಸ್ ಒಳಗಿನ ರಸ್ತೆ. ಅಲ್ಲಿ 201 ಮೀಟರ್ ಓಡಿಸಬಹುದು, ಅದಕ್ಕಿಂತ ಜಾಸ್ತಿ ಆಸೆ ಪಡೋದು ಬೇಡ.

ಇನ್ನೊಂದು ಮಾತು ಕಡ್ಡಿ ತುಂಡು ಮಾಡಿದಂಗೆ ಹೇಳ್ತೀನಿ, ಬೇಜಾರ್ ಮಾಡ್ಕೊಬೇಡಿ. ನಮ್ ಎನ್‌ಎಚ್ 48 ಸರ್ವಿಸ್ ರೋಡಲ್ಲಿ, ಬೈಪಾಸಲ್ಲಿ ರಾತ್ರಿ ಓಡಿಸಿ ವಿಡಿಯೋ ಹಾಕೋರು ಈ ಕ್ಲಾಸಿನ ದೊಡ್ಡ ಶತ್ರುಗಳು. ಪಬ್ಲಿಕ್ ರಸ್ತೆಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 189, 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೇ 5,000 ದಂಡ ಇಲ್ಲಾ ಮೂರು ತಿಂಗಳ ತನಕ ಜೈಲು, ಎರಡೂ ಹಾಕಬಹುದು. ಎರಡನೇ ಸಲಕ್ಕೆ 10,000, ಜೈಲು ಒಂದು ವರ್ಷದ ತನಕ. ದಂಡ ಹೋಗ್ಲಿ, ಆ ವಿಡಿಯೋ ನೋಡಿದ ಪೊಲೀಸ್ ಸಾಹೇಬ್ರ ಹತ್ರ ನಾಳೆ ನಾವು ಪರ್ಮಿಷನ್ ಲೆಟರ್ ತಗೊಂಡು ಹೋದ್ರೆ ಯಾವ ಮುಖ ಇಟ್ಕೊಂಡು ಕೇಳೋದು? ಅದ್ರಲ್ಲಿ ಕಾಣೋ ಗಾಡಿ ಹತ್ತಕ್ಕೆ ಎಂಟು ಆರ್‌ಎಕ್ಸೇ ಇರುತ್ತೆ, ಸೌಂಡೇ ಹೇಳುತ್ತೆ. ಡ್ರ್ಯಾಗ್ ಗಾಡಿನ ರೋಡಿಗೆ ಇಳಿಸಲ್ಲ, ಮೀಟಿಗೆ ಬೇರೆ ಗಾಡಿ ಮೇಲೆ ಹೇರ್ಕೊಂಡೇ ಬರ್ತೀನಿ ಅಂತ ಪ್ರತಿ ಎಂಟ್ರಿ ಫಾರ್ಮಲ್ಲಿ ಸೈನ್ ಹಾಕಿಸ್ಬೇಕು ಅನ್ನೋದು ನನ್ ಅಭಿಪ್ರಾಯ. ರೋಡಲ್ಲಿ ಸಿಕ್ಕಿಬಿದ್ರೆ ಆ ಸೀಸನ್ ಪೂರ್ತಿ ಔಟ್.

ಎಂಜಿನ್ ವಿಷಯಕ್ಕೆ ಬಂದ್ರೆ ನಾನಾದ್ರೆ ಈಗ 98ಕ್ಕೇ ಕಟ್ತಿದ್ದೆ.

ವಿದ್ಯಾನಗರ_155

ನಾನು ಬೇರೆ ಥರ ಹೇಳ್ತೀನಿ. ಬ್ರೋ, ಬಿಟ್ಟುಬಿಡಿ. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. 135 ಕೂಡ 2005ಕ್ಕೆ ಮುಗೀತು. ಹೊಸ ಗಾಡಿ ಒಂದೂ ಬರ್ತಿಲ್ಲ, ಇರೋ ಗಾಡಿಗಳಿಗೆ ಒರಿಜಿನಲ್ ಕ್ರ್ಯಾಂಕ್ ಸಿಗಲ್ಲ, ಸಿಕ್ಕಿದ್ರೆ ರೇಟ್ ಕೇಳಿ ತಲೆ ತಿರುಗುತ್ತೆ. ಬೆಂಗಳೂರು ಜೆಸಿ ರೋಡ್ ತಿರುಗಿ ತಂದ ಪಿಸ್ಟನ್ ಒರಿಜಿನಲ್ ಅಂತ ಕವರ್ ಮೇಲಿರುತ್ತೆ, ಎರಡು ಪಾಸ್ ಹೊಡೆದ್ರೆ ಸ್ಕರ್ಟ್ ಮೇಲೆ ಗೆರೆ. ಇನ್ನು ಇ20 ಪೆಟ್ರೋಲ್ ಬೇರೆ. ಎಥನಾಲ್ ನೀರು ಎಳ್ಕೊಳ್ಳುತ್ತೆ, ಟೂಟಿ ಆಯಿಲ್ ಮಿಕ್ಸ್ ಮಾಡಿ ಕ್ಯಾನಲ್ಲಿ ಇಟ್ಟಿದ್ದು ಎರಡು ವಾರ ಬಿಟ್ಟು ನೋಡಿದ್ರೆ ನಂಬೋಕಾಗಲ್ಲ, ಕಾರ್ಬ್ ಜೆಟ್ ಹಳೇದೇ ಇದ್ರೆ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಆಗಿ ಎಂಜಿನ್ ಸೀಜ್.

ನಾನು ಆರ್15 ಓಡಿಸ್ತೀನಿ, 155 ಸಿಸಿ, ಲಿಕ್ವಿಡ್ ಕೂಲ್ಡ್. ಬೆಳಿಗ್ಗೆ ಒಂದೇ ಥರ, ಮಧ್ಯಾಹ್ನ ಬಿಸಿಲಲ್ಲೂ ಒಂದೇ ಥರ. ಪಾರ್ಟ್ಸ್ ಶೋರೂಮಲ್ಲಿ ಸಿಗುತ್ತೆ. ಎಂಟ್ರಿ ತುಂಬೋದು ಫೋರ್-ಸ್ಟ್ರೋಕ್ ಕ್ಲಾಸಲ್ಲೇ. ಆರ್ಗನೈಸರ್‌ಗೂ ಲೆಕ್ಕ ಇರುತ್ತಲ್ವಾ, ಆರು ಗಾಡಿಗೆ ಒಂದು ಟ್ರೋಫಿ, ಒಂದು ಗಂಟೆ ಟ್ರ್ಯಾಕ್ ಟೈಮ್ ಎಲ್ಲಿಂದ ತರೋದು. ನಿಮ್ ಬೇಜಾರು ಅರ್ಥ ಆಗುತ್ತೆ, ನಮ್ಮಪ್ಪಂದೂ ಆರ್‌ಎಕ್ಸೇ ಇತ್ತು. ಆದ್ರೆ ಈಗ 50 ಸಾವಿರ ಹಾಕಿ 98 ಸಿಸಿ ಕಟ್ಟೋ ಬದಲು ಅದನ್ನ ಡೌನ್‌ಪೇಮೆಂಟ್ ಮಾಡಿ ಅಂತೀನಿ.

ಪಿಬಿರೋಡ್_ಆರ್‌ಎಕ್ಸ್ (ದಾವಣಗೆರೆ)

@ವಿದ್ಯಾನಗರ_155 ನೀವು ಹೇಳಿದ ಪಾರ್ಟ್ಸ್ ಕಷ್ಟ ನಿಜ, ಒಪ್ತೀನಿ. ಇ20ಗೆ ಮೇನ್ ಜೆಟ್ ಮೇಲಕ್ಕೆ ಹೋಗಿದೀನಿ, ಮಿಕ್ಸ್ ಮಾಡೋದು ಅವತ್ತಿಂದವತ್ತೇ, ಮಿಕ್ಕಿದ್ದು ಇಡಲ್ಲ. ಆದ್ರೆ ಕಂತಿನ ಮೇಲೆ ಗಾಡಿ ತಗೊಂಡು ಡ್ರ್ಯಾಗ್ ಹೊಡೆಯೋಕೆ ಎಲ್ಲರಿಗೂ ಆಗಲ್ಲ. ಮಂಡಿಪೇಟೆ ಅಂಗಡಿಲಿ ದುಡಿಯೋ ಹುಡುಗ, ಗ್ಯಾರೇಜಲ್ಲಿ ಹೆಲ್ಪರ್ ಆಗಿರೋ ಹುಡುಗ, ಅವನಿಗೆ ಇಸಿಯು ಮ್ಯಾಪ್ ಮಾಡ್ಸೋ ದುಡ್ಡು ಎಲ್ಲಿಂದ ಬರ್ಬೇಕು? ಟೂ-ಸ್ಟ್ರೋಕಲ್ಲಿ ಒಂದು ರೌಂಡ್ ಫೈಲ್ ಹಿಡ್ಕೊಂಡು ಎಗ್ಸಾಸ್ಟ್ ಪೋರ್ಟ್ ತುದಿ ಒಂದು ಎಂಎಂ ಎತ್ತಿದ್ರೆ ಗಾಡಿ ಗುಣವೇ ಬದಲಾಗೋದು ಕಿವಿಗೆ ಗೊತ್ತಾಗುತ್ತೆ, ಜಾಸ್ತಿ ಎತ್ತಿದ್ರೆ ಕೆಳಗಿನ ಪಿಕಪ್ ಸತ್ತು ಲೈನಲ್ಲೇ ಉಳಿತೀವಿ, ಅದೂ ಗೊತ್ತಾಗುತ್ತೆ. ಎಂಜಿನ್ ಅಂದ್ರೆ ಏನು ಅಂತ ಹುಡುಗರು ಕಲಿಯೋದೇ ಅಲ್ಲಿ. ಅದನ್ನ ಕಳ್ಕೊಳ್ಳೋಕೆ ನನಗೆ ಮನಸ್ಸಿಲ್ಲ.

ಪ್ರೋಸ್ಟಾಕ್_ಪ್ರಿಯ (ಸದ್ಯ ಬೆಂಗಳೂರು, ಊರು ಹೊಳಲ್ಕೆರೆ)

ಈ ಥ್ರೆಡ್ ಓದಿ ಸುಮ್ನೆ ಇರೋಕಾಗ್ಲಿಲ್ಲ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಲೂ ಒಂದು ಕ್ಲಾಸ್‌ಗೆ ಇದೇ ಗತಿ ಬಂದಿತ್ತು, ಪ್ರೋ ಸ್ಟಾಕ್ ಅಂತ ಕಾರ್ ಕ್ಲಾಸ್, 1970ರಲ್ಲಿ ಶುರು ಆಗಿದ್ದು. ಅದರ ಕಥೆಯಿಂದ ನಮ್ಮೋರು ಎರಡು ವಿಷಯ ತಗೋಬಹುದು.

ಮೊದಲು ಅಲ್ಲಿ ಎಂಜಿನ್ ಸೈಜಿಗೆ ತಕ್ಕಂಗೆ ತೂಕ ಅನ್ನೋ ಲೆಕ್ಕ ಇತ್ತು, ಯಾವ ಕಂಪನಿ ಎಂಜಿನ್‌ಗೆ ಎಷ್ಟು ತೂಕ ಅಂತ ಮತ್ತೆ ಮತ್ತೆ ತಿದ್ದೋರು, ನಮ್ಮಲ್ಲಿ ವಾಟ್ಸಾಪ್ ಶೀಟ್ ಬದಲಾಗಲ್ವಾ ಹಂಗೆ ಜಗಳ. 1982ರಲ್ಲಿ ಅದನ್ನೆಲ್ಲಾ ಕಿತ್ತುಹಾಕಿ ಎಲ್ಲರಿಗೂ 500 ಕ್ಯುಬಿಕ್ ಇಂಚು, ಅಂದ್ರೆ ಸುಮಾರು 8.2 ಲೀಟರ್, ತೂಕ ಕನಿಷ್ಠ 2,350 ಪೌಂಡ್ ಅಂತ ಒಂದೇ ರೂಲ್ ಮಾಡಿದ್ರು. ಆ 500 ಇಂಚು ಇವತ್ತಿಗೂ ಇದೆ. ಅಳೆಯೋಕೆ ಸುಲಭ, ಎಲ್ಲರಿಗೂ ಒಂದೇ ನಂಬರ್. ಹರಿಹರದ ಅಣ್ಣ ಹೇಳ್ತಿರೋ 105, 140 ಅನ್ನೋದೂ ಇದೇ ದಾರಿ.

ಎರಡನೇದು 2016. ಕಾರ್ಬ್ ತೆಗೆದು ಫ್ಯೂಯೆಲ್ ಇಂಜೆಕ್ಷನ್ ಕಡ್ಡಾಯ, ಬಾನೆಟ್ ಮೇಲಿನ ಸ್ಕೂಪ್ ಬೇಡ, ಎಂಜಿನ್ 10,500 ಆರ್‌ಪಿಎಂ ದಾಟಂಗಿಲ್ಲ, ಎಲ್ಲಾ ಒಟ್ಟಿಗೆ. ಹೇಳಿದ್ದು 2015ರ ಮಧ್ಯದಲ್ಲಿ, ಜಾರಿ ಮುಂದಿನ ಸೀಸನ್ ಮೊದಲ ರೇಸಿಂದ. ವರ್ಷಗಟ್ಟಲೆ ಕಾರ್ಬ್ ಮೇಲೆ ದುಡಿದ ಟೀಮ್‌ಗಳ ಕೆಲಸ ಒಂದೇ ಏಟಿಗೆ ಹೋಯ್ತು, ದುಡ್ಡಿರೋ ಟೀಮ್ ಬೇಗ ಸುಧಾರಿಸ್ಕೊಂಡ್ರು, ಸಣ್ಣ ಟೀಮ್‌ಗಳು ಹಿಂದೆ ಸರಿದ್ರು. ಆಮೇಲೆ 2018ರಲ್ಲಿ ಯಾವ ಕಂಪನಿ ಬಾಡಿಗೆ ಯಾವ ಕಂಪನಿ 500 ಇಂಚಿನ ಎಂಜಿನ್ ಬೇಕಾದ್ರೂ ಹಾಕ್ಕೊಳ್ಳಿ ಅಂತ ಬಾಗಿಲು ತೆಗೆದ್ರು. ಆದ್ರೂ 2019ರಲ್ಲಿ ಆ ಕ್ಲಾಸ್ 24 ರೇಸಲ್ಲಿ 18ಕ್ಕೆ ಮಾತ್ರ ಇತ್ತು. ರೂಲ್ ಒಳ್ಳೇದಾ ಕೆಟ್ಟದ್ದಾ ಅನ್ನೋ ಚರ್ಚೆ ಬೇರೆ, ಟೈಮ್ ಕೊಡದೇ ತಂದಿದ್ದು ಹೊಡೆತ ಕೊಡ್ತು ಅನ್ನೋದು ನನ್ ಓದು.

ಸೇಫ್ಟಿ ರೂಲ್ ಹಂಗಲ್ಲ, ಅದು ರಾತ್ರೋರಾತ್ರಿ ಬದಲಾದ್ರೂ ತಪ್ಪಿಲ್ಲ. 2008ರ ಜೂನಲ್ಲಿ ಇಂಗ್ಲಿಷ್‌ಟೌನಲ್ಲಿ ರೇಸರ್ ಸ್ಕಾಟ್ ಕಲಿಟ್ಟಾ ತೀರ್ಕೊಂಡ್ಮೇಲೆ ಟಾಪ್ ಫ್ಯೂಯೆಲ್, ಫನ್ನಿ ಕಾರ್ ಅನ್ನೋ ಅತಿ ವೇಗದ ಎರಡು ಕ್ಲಾಸಿಗೂ ಓಟ 1,320 ಅಡಿಯಿಂದ 1,000 ಅಡಿಗೆ ಇಳಿಸಿದ್ರು, ಸೀಸನ್ ನಡುವೆನೇ. ಅದು ಸರಿಯಾದ ಕೆಲಸ. ನಮ್ ಕಡೆ ಹೆಲ್ಮೆಟ್, ಲೆದರ್ ಸೂಟ್, ಕಿಲ್ ಸ್ವಿಚ್ ವಿಷಯಕ್ಕೆ ನಾಳೆನೇ ರೂಲ್ ಬರ್ಲಿ. ಕಾರ್ಬ್, ಬ್ಲಾಕ್, ಸೈಲೆನ್ಸರ್ ವಿಷಯಕ್ಕೆ ಒಂದು ಸೀಸನ್ ಮುಂಚೆ ಹೇಳ್ಬೇಕು, ಬರೆದ ಮೇಲೆ ಎರಡು ಸೀಸನ್ ಮುಟ್ಬಾರ್ದು. ನೀವು ಆರ್ಗನೈಸರ್ ಹತ್ರ ಕೇಳೋದಾದ್ರೆ ಇದೊಂದನ್ನ ಗಟ್ಟಿಯಾಗಿ ಕೇಳಿ.

ಹಿರಿಯೂರು_ಹುಡುಗ

ಎಂಟ್ರಿ ಕಡಿಮೆ ಅನ್ನೋದಕ್ಕೆ ಒಂದು ದಾರಿ ಇದೆ, ಯಾಕೆ ಯಾರೂ ಹೇಳ್ತಿಲ್ಲ? ಬ್ರ್ಯಾಕೆಟ್ ಮಾಡಿ. ಓಡ್ಸೋನು ತನ್ನ ಗಾಡಿ ಎಷ್ಟು ಸೆಕೆಂಡಿಗೆ ಹೋಗುತ್ತೆ ಅಂತ ಮೊದಲೇ ಬರೆದುಕೊಡ್ಬೇಕು. ಒಬ್ಬ 9.80 ಬರೀತಾನೆ, ಇನ್ನೊಬ್ಬ 10.50 ಬರೀತಾನೆ ಅಂದ್ಕೊಳ್ಳಿ, 10.50 ಬರೆದವನಿಗೆ ಗ್ರೀನ್ ಲೈಟ್ 0.70 ಸೆಕೆಂಡ್ ಮುಂಚೆ ಬೀಳುತ್ತೆ. ಬರೆದಿದ್ದಕ್ಕಿಂತ ಬೇಗ ಹೋದ್ರೆ ಬ್ರೇಕ್‌ಔಟ್, ಸೋತಂಗೆ, ಇಬ್ರೂ ಹಂಗೇ ಹೋದ್ರೆ ಕಡಿಮೆ ದಾಟಿದೋನು ಗೆದ್ದ. ಆಗ 98 ಸಿಸಿ, 132 ಸಿಸಿ, ಶೋಗನ್, ಆರ್‌ಡಿ 350 ಎಲ್ಲಾ ಒಂದೇ ಕ್ಲಾಸಲ್ಲಿ ಓಡಬಹುದು, ಆರ್ಗನೈಸರ್‌ಗೆ ಒಂದೇ ಟ್ರೋಫಿ. ಕಾರ್ಬ್ ಯಾವುದು, ಬ್ಲಾಕ್ ಯಾವುದು ಅಂತ ಜಗಳವೇ ಇಲ್ಲ, ಹೆಡ್ ಬಿಚ್ಚೋ ಕೆಲಸನೂ ಇಲ್ಲ. ಗೆಲ್ಲೋದು ರಿಯಾಕ್ಷನ್ ಟೈಮಲ್ಲಿ, ಒಂದೇ ಥರ ಓಡ್ಸೋದ್ರಲ್ಲಿ.

ಒಂದು ತೊಂದರೆ ಅಂದ್ರೆ ಇದಕ್ಕೆ ಸರಿಯಾದ ಲೈಟ್ ಟ್ರೀ (ಸ್ಟಾರ್ಟ್ ಲೈಟ್ ಕಂಬ), ಎರಡೂ ಲೇನಿಗೆ ಬೀಮ್ ಸೆನ್ಸರ್ ಬೇಕೇ ಬೇಕು. ಬಾವುಟ ಬೀಸಿ ಮೊಬೈಲ್ ಸ್ಟಾಪ್‌ವಾಚಲ್ಲಿ ಟೈಮ್ ತೆಗೆಯೋ ಮೀಟಲ್ಲಿ ಇದನ್ನ ಮಾಡೋಕೇ ಆಗಲ್ಲ.

ಹರಿಹರ_ಬೋರಿಂಗ್

ಹಿರಿಯೂರು ತಮ್ಮ ಹೇಳಿದ್ದು ಛಲೋ ಐತಿ, ಹೊಸಬ್ರಿಗೆ ಅದು ಬೇಕು. ಆದ್ರ ಅದೊಂದೇ ಇಟ್ರ ಎಂಜಿನ್ ಕೆಲಸಕ್ಕ ಬೆಲೆ ಹೋಗ್ತೈತಿ. ರಾತ್ರಿ ಎಲ್ಲಾ ಕುಂತು ಪೋರ್ಟ್ ಮಾಡಿದವಗ ತನ್ನ ಗಾಡಿ ಎದುರಿನವನಕಿಂತ ಮುಂದ ಹೋಗೋದು ನೋಡ್ಬೇಕು ಅಂತ ಇರ್ತೈತಿ. ಎರಡೂ ಇರ್ಲಿ. 105ರದ್ದು ಒಂದು, 140ರದ್ದು ಒಂದು ಹೆಡ್ಸಪ್ (ಇಬ್ರನ್ನೂ ಒಟ್ಟಿಗೆ ಬಿಟ್ಟು ಮೊದ್ಲು ದಾಟಿದವ ಗೆಲ್ಲೋದು) ಕ್ಲಾಸ್, ಜೊತಿಗೆ ಎಲ್ಲಾ ಟೂ-ಸ್ಟ್ರೋಕ್‌ಗೂ ಸೇರಿ ಒಂದು ಬ್ರ್ಯಾಕೆಟ್. ಒಂದೇ ಗಾಡಿ ಎರಡು ಎಂಟ್ರಿ ಕಟ್ಟಬಹುದು, ಆರ್ಗನೈಸರಿಗೆ ಫೀಸೂ ಜಾಸ್ತಿ ಬರ್ತೈತಿ.

ಮತ್ತ ಇನ್ನೊಂದು, ಚೆನ್ನೈಗೆ ಹೋಗೋ ಯೋಚನಿ ಇದ್ರ ಜೆಟ್ ಡಬ್ಬಿ ತಗೊಂಡು ಹೋಗ್ರಿ. ದಾವಣಗೆರಿ ಸಮುದ್ರ ಮಟ್ಟದಿಂದ 600 ಮೀಟರ್ ಮ್ಯಾಲ ಐತಿ, ದುರ್ಗ ಇನ್ನೂ ಮ್ಯಾಲ, 730 ಆಸುಪಾಸು. ಇಲ್ಲಿ ಗಾಳಿ ತೆಳ್ಳಗ. ಅಲ್ಲಿ ಸಮುದ್ರದ ಬಗಲಾಗ ಗಾಳಿ ದಪ್ಪ, ಇಲ್ಲಿ ಸರಿ ಇದ್ದ ಜೆಟ್ ಅಲ್ಲಿ ಲೀನ್ ಆಗ್ತೈತಿ. ದೊಡ್ಡ ಜೆಟ್‌ನಿಂದ ಶುರು ಮಾಡಿ ಪ್ಲಗ್ ಬಣ್ಣ ನೋಡ್ಕೋತ ಇಳೀರಿ, ಸಣ್ಣದ್ರಿಂದ ಏರಬ್ಯಾಡ್ರಿ.

ವಿದ್ಯಾನಗರ_155

ಬ್ರ್ಯಾಕೆಟ್ ಆದ್ರೆ ನಾನೂ ಅಪ್ಪನ ಆರ್‌ಎಕ್ಸ್ ಕ್ಲೀನ್ ಮಾಡಿ ತರ್ತೀನಿ, ಅದಕ್ಕೆ ಏನೂ ಖರ್ಚಿಲ್ಲ. ಆದ್ರೆ ಫೋರ್-ಸ್ಟ್ರೋಕ್ 165 ಜೊತೆ ಸೇರಿಸೋದನ್ನ ಮಾತ್ರ ನಾನೂ ವಿರೋಧಿಸ್ತೀನಿ, ಅದು ನಮಗೂ ಬೇಡ ನಿಮಗೂ ಬೇಡ. ಟೂ-ಸ್ಟ್ರೋಕ್ ಪ್ರತಿ ಸುತ್ತಿಗೂ ಒಂದು ಸಲ ಹೊಡೆಯುತ್ತೆ, ಫೋರ್-ಸ್ಟ್ರೋಕ್ ಎರಡು ಸುತ್ತಿಗೆ ಒಂದು ಸಲ, ಸಿಸಿ ಒಂದೇ ಅಂತ ಒಂದೇ ಲೈನಲ್ಲಿ ನಿಲ್ಲಿಸಿದ್ರೆ ಯಾವ ಸೈಡಿಂದಾದ್ರೂ ಗಲಾಟೆ ಗ್ಯಾರಂಟಿ.

ಪಿಬಿರೋಡ್_ಆರ್‌ಎಕ್ಸ್ (ದಾವಣಗೆರೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಕಾಳಜಿ ಇಟ್ಟು ಬರೆದಿದ್ದೇ ನನಗೆ ದೊಡ್ಡದು.

ಎಂಜಿನ್ 98ಕ್ಕೇ ಕಟ್ತೀನಿ ಅಂತ ಡಿಸೈಡ್ ಮಾಡಿದೆ. ಸ್ಲೀವ್ ಹಾಕ್ಸಿ ಸ್ಟ್ಯಾಂಡರ್ಡ್ 50 ಎಂಎಂ ಪಿಸ್ಟನ್, ಮುಂದೆ ನಾಲ್ಕು ಓವರ್‌ಸೈಜ್ ಇರುತ್ತೆ, 105 ಬಂದ್ರೂ ಒಳಗಿರ್ತೀನಿ, 130 ಹಂಗೇ ಉಳಿದ್ರೂ ಒಳಗಿರ್ತೀನಿ, ಬ್ರ್ಯಾಕೆಟ್ ಆದ್ರೆ ಯೋಚನೆನೇ ಇಲ್ಲ. ಕೇಸ್ ಬಾಯಿ ಒಂದ್ಸಲ ಕತ್ತರಿಸಿಬಿಟ್ರೆ ಮತ್ತೆ 100ರ ಬ್ಲಾಕಿಗೆ ಸರಿಯಾಗಿ ಕೂರಲ್ಲ, ರೂಲ್ ಗೊತ್ತಾಗೋ ತನಕ ಅದನ್ನ ಮುಟ್ಟಲ್ಲ.

ಆರ್ಗನೈಸರ್‌ಗಳಿಗೆ ಲೆಟರ್ ಬರೀತಿದೀನಿ, ದಾವಣಗೆರೆ, ಹರಿಹರ, ದುರ್ಗ, ಹಿರಿಯೂರು ಎಲ್ಲಾ ಕಡೆ ಟೂ-ಸ್ಟ್ರೋಕ್ ಓಡ್ಸೋರ ಸೈನ್ ಹಾಕ್ಸಿ ಕೊಡೋಣ. ಕೇಳೋದು ಇವು: 130 ತೆಗೆದು 105 ಮತ್ತೆ 140 ಮಾಡಿ, ಜೊತೆಗೆ ಒಂದು ಬ್ರ್ಯಾಕೆಟ್ ಇಡಿ. ಪ್ರತಿ ಕ್ಲಾಸಲ್ಲಿ ಮೊದಲ ಮೂರು ಗಾಡಿ ಹೆಡ್ ಬಿಚ್ಚಿಸಿ ಅಳೀರಿ. ಎಂಜಿನ್ ರೂಲ್ ಒಂದು ಸೀಸನ್ ಮುಂಚೆ ಪ್ರಿಂಟಲ್ಲಿ ಕೊಡಿ, ಎರಡು ಸೀಸನ್ ಮುಟ್ಬೇಡಿ. ಪಬ್ಲಿಕ್ ರೋಡಲ್ಲಿ ಓಡಿಸಿದೋರನ್ನ ಹೊರಗಿಡಿ. ಮೀಟ್ ಎಫ್‌ಎಂಎಸ್‌ಸಿಐ ಪರ್ಮಿಟ್ ಮೇಲೆ 201 ಮೀಟರ್‌ಗೆ ಮಾಡಿ, ಬೀಮ್ ಟೈಮಿಂಗ್ ಬಾಡಿಗೆಗೆ ಎಂಟ್ರಿ ಫೀಸಲ್ಲಿ ಸ್ವಲ್ಪ ಜಾಸ್ತಿ ಕೊಡೋಕೆ ನಾವು ರೆಡಿ.

ಹರಿಹರದ ಅಣ್ಣ, ಭಾನುವಾರ ನಮ್ ಶೆಡ್ಡಿಗೆ ಬರೋಕಾಗುತ್ತಾ? ಏಳೆಂಟು ಗಾಡಿ ಸೇರಿಸ್ತೀನಿ, ಎಲ್ಲರ ಎದುರೇ ಅಳೆದು ತೋರ್ಸಿದ್ರೆ ಲೆಟರ್ ಜೊತೆ ಆ ಲೆಕ್ಕನೂ ಹಾಕಿ ಕೊಡಬಹುದು.

ಹರಿಹರ_ಬೋರಿಂಗ್

ಬರ್ತೀನಿ ತಮ್ಮಾ, ಹತ್ತು ಗಂಟಿ ಹೊತ್ತಿಗೆ. ಬೋರ್ ಗೇಜ್, ವರ್ನಿಯರ್, ಟಾರ್ಕ್ ರೆಂಚ್ ನಾನು ತರ್ತೀನಿ. ಪ್ರತಿ ಗಾಡಿಗೂ ಹೊಸ ಹೆಡ್ ಗ್ಯಾಸ್ಕೆಟ್ ಅವರವರೇ ತರ್ಬೇಕು ಅಂತ ಹೇಳ್ರಿ, ಹಳೇದನ್ನ ವಾಪಸ್ ಹಾಕಿ ಯಾರ ಗಾಡಿನೂ ಕಟ್ಟಂಗಿಲ್ಲ. ಮತ್ತ ಬೆಳಿಗ್ಗೆ ಯಾರೂ ಸ್ಟಾರ್ಟ್ ಮಾಡಿ ಓಡಿಸ್ಕೊಂಡು ಬರಬ್ಯಾಡ್ರಿ, ಎಂಜಿನ್ ತಣ್ಣಗ ಇರ್ಬೇಕು.